ಹದಿನೆಂಟರ ಸವತಿ

ಮೂವತ್ತೇಳನೆಯ ವಯಸ್ಸಿನಲ್ಲಿ ನಂದಾಳಿಗೆ ಒಬ್ಬ ಸವತಿ ಹುಟ್ಟಿಕೊಂಡಳು. ಮದುವೆಯೇ ಆಗಿಲ್ಲ, ಆಗಲೇ ಸವತಿ. ಅದೂ ಹದಿನೆಂಟರ ಹುಡುಗಿ: ಎರಡು ಜಡೆ, ಸಣ್ಣ ನಡು, ಮಾತುಮಾತಿಗೂ ಕಿಲಕಿಲ ನಗು. ಅವಳ ಹೆಸರೂ ನಂದಾ ಎಂದೇ. ಯಾಕೆಂದರೆ ಅವಳು ಬೇರೆ ಯಾರೂ ಅಲ್ಲ, ಹತ್ತೊಂಬತ್ತು ವರ್ಷಗಳ ಹಿಂದಿನ ಇದೇ ನಂದಾ.

ಶುರುವಾದದ್ದು ಮೂಡಲಗಿಯಲ್ಲಿ, ಅವಳು ಓದಿದ ಕಾಲೇಜಿನಲ್ಲಿ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದ್ದರು. ದಾಕ್ಷಾಯಿಣಿ ಮೇಡಂ ಒಬ್ಬೊಬ್ಬರ ಕೈಗೂ ಮೈಕು ಕೊಟ್ಟು, ಹದಿನೆಂಟು ವರ್ಷದ ನೀವೇ ಇವತ್ತು ಎದುರಾದರೆ ಏನು ಬುದ್ಧಿ ಹೇಳುತ್ತೀರಿ ಎಂದು ಕೇಳುತ್ತಿದ್ದರು. ಒಬ್ಬ ಇಂಗ್ಲಿಷ್ ಕಲಿ ಎಂದ. ಇನ್ನೊಬ್ಬಳು, ಬಂಗಾರ ಅಗ್ಗ ಇದ್ದಾಗಲೇ ಕೊಂಡಿಡು ಎಂದಳು. ಆಮೇಲೆ ಬಾಳೇಶನ ಸರದಿ. ಹುಕ್ಕೇರಿ ಕಡೆ ಕುರಿ, ದನಗಳಿಗೆ ಸೂಜಿ ಹಾಕುವ ಸರಕಾರಿ ಕೆಲಸ ಅವನದು.

"ಹುಡುಗಿ ನಕ್ಕಳು ಅಂತ ತಿರುಗಿ ಮನಿಗೆ ಹೋಗಬ್ಯಾಡೊ," ಎಂದ ಬಾಳೇಶ. "ಅಲ್ಲೇ ನಿಂದರು. ನಗೂದು ಮುಗದ ಮ್ಯಾಲ ಏನಂತಾಳ ಕೇಳು."

ಸಭೆಯ ಅರ್ಧ ಕುತ್ತಿಗೆಗಳು ನಂದಾಳ ಕಡೆ ತಿರುಗಿದವು. ಕಾಲೇಜು ಓದುವಾಗ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಅವನು ಮದುವೆಯಾಗುತ್ತೀಯಾ ಎಂದು ಕೇಳಿದ್ದು, ಅವಳು ಹೆದರಿ ಬಿದ್ದು ಬಿದ್ದು ನಕ್ಕದ್ದು, ಅವನು ಮುಖ ಸಣ್ಣದು ಮಾಡಿಕೊಂಡು ಬಸ್ಸು ಹತ್ತಿದ್ದು ಇಡೀ ಬ್ಯಾಚಿಗೇ ಗೊತ್ತಿತ್ತು. ಮೈಕು ತನ್ನ ಕೈಗೆ ಬಂದಾಗ ನಂದಾ ಅದನ್ನು ಒಲೆಯಿಂದ ಇಳಿಸಿದ ಬೋಗುಣಿಯ ಹಾಗೆ ಪಕ್ಕದವಳಿಗೆ ದಾಟಿಸಿಬಿಟ್ಟಳು.

ಮುಂದಿನ ಬೇಸ್ತವಾರವೇ ಬಾಳೇಶ ಗೋಕಾಕಕ್ಕೆ, ಅವಳ ಟೇಲರಿಂಗ್ ಅಂಗಡಿಗೆ ಬಂದ. ಅವಳು ಹೊಲಿಯುವುದು ಹೆಂಗಸರ ಬಟ್ಟೆ ಮಾತ್ರ, ಅಂಗಿ ಹೊಲಿಸುವಂತಿಲ್ಲ. ಹಾಗಾಗಿ ದಿಂಬಿನ ಕವರು ಹೊಲಿಸಿದ. ಅದರ ಮುಂದಿನ ವಾರವೂ ದಿಂಬಿನ ಕವರು. ಹೆಂಡತಿಗೂ ಅವನಿಗೂ ಹೊಂದದೆ ನಾಲ್ಕು ವರ್ಷದ ಹಿಂದೆ ಇಬ್ಬರೂ ಒಪ್ಪಿಯೇ ಬೇರೆಯಾಗಿದ್ದರು. ಆ ಒಂಟಿ ಮನುಷ್ಯನ ಮನೆಯಲ್ಲಿ ಈಗ ಹದಿನಾಲ್ಕು ದಿಂಬಿನ ಕವರುಗಳಿದ್ದವು. ಅಪ್ಪ ತೀರಿದ ಮೇಲೆ ಇಬ್ಬರು ತಂಗಿಯರ ಮದುವೆ ಮಾಡುವ ಗದ್ದಲದಲ್ಲಿ ತನ್ನ ಮದುವೆಯನ್ನೇ ಮರೆತಿದ್ದ ನಂದಾ, ಬೇಸ್ತವಾರ ಬಂತೆಂದರೆ ಇಸ್ತ್ರಿ ಮಾಡಿದ ಸೀರೆ ಉಡತೊಡಗಿದಳು.

ಅವನು ಸ್ಟೂಲಿನ ಮೇಲೆ ಕೂತು ಮಷೀನಿನ ಗಾಲಿ ನೋಡುವ ಹಾಗೆ ನಟಿಸುತ್ತಿದ್ದ. ಅವಳು ಸೂಜಿಯ ಮೇಲೆ ಕಣ್ಣಿಟ್ಟ ಹಾಗೆ ನಟಿಸುತ್ತಿದ್ದಳು. ಗೋಡೆಯ ಕನ್ನಡಿಯಲ್ಲಿ ಮಾತ್ರ ನಾಲ್ಕು ಕಣ್ಣುಗಳೂ ಸಿಕ್ಕಿಬೀಳುತ್ತಿದ್ದವು. ಆಗ ಅವಳ ಹೊಲಿಗೆ ಒಂದು ಬೆರಳು ಆಚೆ ಹೋಗುತ್ತಿತ್ತು.

ಎಲ್ಲ ಚೆನ್ನಾಗಿಯೇ ಇತ್ತು, ಅವನು ಬಾಯಿ ತೆರೆಯುವ ತನಕ. ಬಾಯಿ ತೆರೆದರೆ ಬರೀ ಆ ಹದಿನೆಂಟರ ಹುಡುಗಿಯ ಮಾತು. ಆಕೆ ಕೊನೆಯ ಬೆಂಚಿನಲ್ಲಿ ಕೂತು ಹುಣಸೆಹಣ್ಣು ಚೀಪುತ್ತಿದ್ದದ್ದು, ನಗು ತಡೆಯಲಾರದೆ ನೋಟು ವಹಿಯಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದದ್ದು. ಹೇಳುವಾಗ ಅವನ ಕಣ್ಣುಗಳು ಹೊಳೆಯುತ್ತಿದ್ದವು. ಹೋಗುವಾಗ ಪ್ರತಿ ಸಲವೂ ಒಂದೇ ಪ್ರಶ್ನೆ: ಅವತ್ತು ಮೈಕು ಹಿಡಿದಿದ್ದರೆ ಆಕೆಗೆ ಏನು ಬುದ್ಧಿ ಹೇಳುತ್ತಿದ್ದಿರಿ? ದಾರ ಕಿತ್ತುಹೋಯಿತು, ಗಿರಾಕಿ ಬಂದರು, ಕರೆಂಟು ಹೋಯಿತು ಎಂದು ನಂದಾ ಜಾರಿಕೊಳ್ಳುತ್ತಿದ್ದಳು.

ಅವನು ಹೋದ ಮೇಲೆ ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು. ದಪ್ಪಗಾದ ನಡು, ಮೂಗಿನ ಮೇಲೆ ಚಷ್ಮಾ, ಕಿವಿಯ ಮೇಲೆ ಬಿಳಿ ಎಳೆ. ಹೊಟ್ಟೆ ಉರಿಯುತ್ತಿತ್ತು. ಕೈಗೆ ಬಂದಾಗ ಬೇಡ ಎಂದವಳು ಆ ಹುಡುಗಿ, ಈಗ ಬಿಟ್ಟುಕೊಡದವಳೂ ಅವಳೇ. ಸಿಕ್ಕರೆ ಜಡೆ ಹಿಡಿದು ಎರಡು ಬಾರಿಸಬೇಕು ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ಬೇಸ್ತವಾರ ಬಾಳೇಶ ಬಟ್ಟೆ ತರಲಿಲ್ಲ. ಕಾಗದದಲ್ಲಿ ಸುತ್ತಿದ ಒಂದು ಡಜನ್ ಹಸಿರು ಬಳೆ ತಂದು ಮಷೀನಿನ ಮೇಲಿಟ್ಟ. ರವಿವಾರ ನಮ್ಮ ಕಾಕಾನನ್ನು ಕರೆದುಕೊಂಡು ಮಾತಾಡಲು ಬರಲೇ ಎಂದು ಕೇಳಿದ. ಗಂಡಸು ಹಸಿರು ಬಳೆ ತಂದಿಟ್ಟನೆಂದರೆ ಆ ಕಡೆ ಮದುವೆಯಲ್ಲದೆ ಬೇರೆ ಅರ್ಥವೇ ಇಲ್ಲ. ನಂದಾ ಮಷೀನು ನಿಲ್ಲಿಸಿದಳು. ಒಂದು ಬಳೆ ಎತ್ತಿ ಕೈಗೆ ಏರಿಸಲು ನೋಡಿದಳು. ಹೆಬ್ಬೆರಳಿನ ಬುಡದಲ್ಲೇ ನಿಂತಿತು. ಇನ್ನಷ್ಟು ಒತ್ತಿದಳು. ಬಳೆ ಚಟ್ಟನೆ ಎರಡಾಯಿತು.

"ಇವು ಆಕಿ ಅಳತಿವು," ಎಂದಳು. "ತಗೊಂಡ ಹೋಗ್ರಿ. ನೀವು ಬರೂದು ಆಕಿನ್ನ ನೋಡಾಕ. ಆಕಿಗೆ ನೀ ಅಂತಿದ್ರಿ, ನನಗ ನೀವು ಅಂತೀರಿ. ಇಲ್ಲದವಳ ಜೋಡಿ ನಾ ಹೆಂಗ ಸಂಸಾರ ಮಾಡ್ಲಿ?"

ಹೇಳಬಾರದ್ದನ್ನು ಹೇಳಿಬಿಟ್ಟೆ ಎಂದು ಅವಳಿಗೆ ಭಯವಾಯಿತು. ರವಿವಾರ ಇನ್ನು ಯಾರೂ ಬರುವುದಿಲ್ಲ. ಬಾಳೇಶ ಒಡೆದ ಚೂರುಗಳನ್ನು ಒಂದೊಂದಾಗಿ ಆರಿಸಿ ಕಾಗದಕ್ಕೆ ಹಾಕಿದ. ಈ ಸಲ ಅವನು ಎದ್ದು ಹೋಗಲಿಲ್ಲ.

"ಖರೆ ಐತಿ," ಎಂದ. "ಮೊದಲ ಮೂರ ವಾರ ಆಕಿನ್ನ ಹುಡುಕಾಕ ಬಂದೆ. ಸಿಗಲಿಲ್ಲ. ನಾಕನೇ ವಾರ ನನ್ನ ಅಂಗಿ ಗುಂಡಿ ಕಿತ್ತಿತ್ತು. ನೀವು ಹಚ್ಚಿಕೊಟ್ರಿ, ಹಚ್ಚೂತನಕ ಬೈದ್ರಿ. ಆಕಿ ಬರೇ ನಗತಿದ್ಲು, ಯಾರ ಕಾಳಜೀನೂ ಇದ್ದಿಲ್ಲ. ಆಮ್ಯಾಲಿನ ವಾರಗೋಳೆಲ್ಲ ಬೈಸಿಕೊಳ್ಳಾಕ ಬಂದೇನ್ರಿ. ಆಕಿ ಮಾತ ತಗದ್ರ ನಿಮಗ ಸಿಟ್ಟ ಬರತಿತ್ತು. ಆ ಸಿಟ್ಟ ನೋಡಾಕ ತಗೀತಿದ್ದೆ."

"ಮತ್ತ ಈ ಬಳಿ?"

"ಬಳಿ ಅಂಗಡಿಯವ ಅಳತಿ ಕೇಳಿದ. ಕುರಿ ನೋಡಿ ತೂಕ ಹೇಳತೇನಿ, ಇದ ತಿಳೀಲಿಲ್ಲ. ನಿಮ್ಮ ಕೈ ನಾ ಎಂದ ಹಿಡದೇನಿ ಹೇಳ್ರಿ? ಅವತ್ತೂ ಇಲ್ಲ, ಇವತ್ತೂ ಇಲ್ಲ."

ನಂದಾ ಚಷ್ಮಾ ತೆಗೆದಳು, ಸೆರಗಿನಿಂದ ಒರೆಸಿದಳು, ಮತ್ತೆ ಹಾಕಿಕೊಂಡಳು. ಆಮೇಲೆ ಸೂಜಿ ಚುಚ್ಚಿ ಒರಟಾದ ತನ್ನ ಬಲಗೈಯನ್ನು ಮಷೀನಿನ ಮೇಲೆ ಅವನ ಕಡೆ ಚಾಚಿದಳು.

"ಹಂಗಾದ್ರ ಹಿಡದ ನೋಡ್ರಿ," ಎಂದಳು.

ಅವನು ಹಿಡಿದ. ಅಳತೆ ತೆಗೆದುಕೊಳ್ಳಲು ಅಷ್ಟು ಹೊತ್ತು ಬೇಕಿರಲಿಲ್ಲ, ಆದರೂ ಬಿಡಲಿಲ್ಲ. ಹೊರಗೆ ಆಟೋಗಳು ಒಂದರ ಹಿಂದೊಂದು ಹಾರ್ನ್ ಹೊಡೆಯುತ್ತಿದ್ದವು. ಅವಳ ಹೊಟ್ಟೆಯ ಉರಿ ಇನ್ನೂ ಪೂರ್ತಿ ಆರಿರಲಿಲ್ಲ. ಅದು ಅವನಿಗೂ ಕಂಡಿತು. ತುಟಿಯಂಚಿನಲ್ಲಿ ನಕ್ಕು, ಇವತ್ತಾದರೂ ಹೇಳು, ಆಕೆಗೆ ಏನು ಬುದ್ಧಿ ಹೇಳುತ್ತೀ ಎಂದು ಕೇಳಿದ.

"ಏನೂ ಹೇಳೂದಿಲ್ಲ," ಎಂದಳು ನಂದಾ. "ಬುದ್ಧಿ ಹೇಳಿದ್ರ ಆಕಿ ಅವತ್ತ ಹೂಂ ಅಂದು ನಿಮ್ಮನ್ನ ಕಟ್ಟಿಕೊಂಡಬಿಡತಾಳ. ಆಮ್ಯಾಲ ನನಗ ಯಾರ ಸಿಗತಾರ?"