ಧಾರಾಳವಾಗಿ ಕೇಳಿ

"ಯಾರ್ರೀ ಕೇಳಿದ್ರು ನಿಮ್ಮ ದಾನ?!"

ನಿಘಂಟು ಕಚೇರಿಯ ಮೆಟ್ಟಿಲ ಮೇಲೆ ಅವಳು ಅವನ ಚೀಲದ ಪಟ್ಟಿ ಹಿಡಿದೇ ನಿಲ್ಲಿಸಿದಳು. ಸಿಟ್ಟಿಗೆ ಮೂಗಿನ ತುದಿ ಕೆಂಪಾಗಿತ್ತು.

ಇದ್ದದ್ದು ಒಂದೇ ಖಾಯಂ ಕೆಲಸ, ತಾತ್ಕಾಲಿಕ ಸಹಾಯಕರು ಇಬ್ಬರು. ಸಂಪಾದಕರು ಕೊಡುವ ಪದಕ್ಕೆ ಇವತ್ತು ಯಾರು ಚೆನ್ನಾಗಿ ಅರ್ಥ ಹೇಳುತ್ತಾರೋ ಅವರಿಗೆ ಆ ಕೆಲಸ. ಅಷ್ಟರಲ್ಲಿ ಈ ಪುಣ್ಯಾತ್ಮ, 'ನಾನು ಸ್ಪರ್ಧೆಗೆ ಇಲ್ಲ ಸರ್' ಎಂದು ಹೇಳಿ ಹೊರಟೇಬಿಟ್ಟಿದ್ದ!

ಮಾತಿನ ನಡುವೆ ತಡೆದು ತಡೆದು ನಿಲ್ಲುವ ಅವನಿಗೆ ಕಚೇರಿಯವರು ಇಟ್ಟ ಹೆಸರು ಅಲ್ಪವಿರಾಮ.

"ಅದು... ನಿಮಗೆ ಈ ಕೆಲಸ ಬೇಕೇ ಬೇಕು ಅಂತ..."

"ಅಯ್ಯೋ ಪಾಪ ಅನ್ನಿಸ್ತಾ? ಅಣ್ಣನ ಮನೇಲಿ ಒಂದು ತುತ್ತು ಜಾಸ್ತಿ ಉಂಡ್ರೂ ಅತ್ತಿಗೆ ಮುಖ ನೋಡ್ಬೇಕು ನಾನು. ಅದರ ಮೇಲೆ ನಿಮ್ಮ ಹಂಗು ಬೇರೆನಾ? ಬನ್ನಿ ಒಳಗೆ! ನೀವು ಬರ್ಲಿಲ್ಲ ಅಂದ್ರೆ ನಾನೂ ಮನೆಗೆ ಹೋಗ್ತೀನಿ."

ಇಷ್ಟು ದಿನ ಎದುರು ಮೇಜಿನಲ್ಲಿ ಕೂತು, ಫ್ಯಾನನ್ನು ಮೆಲ್ಲಗೆ ಅವಳ ಕಡೆ ತಿರುಗಿಸಿ, ಏನೂ ಗೊತ್ತಿಲ್ಲದವನ ಹಾಗೆ ಇರುತ್ತಿದ್ದ. ಅದೂ ಬರೀ ಕರುಣೆಯೇ? ಪಟ್ಟಿ ಬಿಟ್ಟು ಅವಳೇ ಮೊದಲು ಒಳಗೆ ನಡೆದಳು. ಅವನೂ ಹಿಂದೆಯೇ ಬಂದ.

ಸಂಪಾದಕರು ಕನ್ನಡಕ ಸರಿಮಾಡಿಕೊಂಡು ಇಬ್ಬರಿಗೂ ಒಂದೇ ಪದ ಕೊಟ್ಟರು.

"ಧಾರಾಳ. ಮೂಲ ಏನು, ಅರ್ಥ ಏನು? ಮೊದಲು ನೀನು ಹೇಳಪ್ಪ."

ಅಲ್ಪವಿರಾಮ ಎದ್ದ. "ಧಾರೆಯಿಂದ ಬಂದದ್ದು ಸರ್. ನೀರು... ಎಡೆಬಿಡದೆ ಸುರಿಯೋ ಹಾಗೆ, ಕೈ ಬಿಗಿಹಿಡಿಯದೆ ಕೊಡೋದು."

ಒಂದಕ್ಷರ ತಪ್ಪಿಲ್ಲ! ಅವಳು ಹೇಳಬೇಕೆಂದಿದ್ದೂ ಅದೇ. ಈಗೇನು ಹೇಳಲಿ?

ಆಗ ನೆನಪಾದವಳು ಅಜ್ಜಿ. ಬಾಗಿಲಲ್ಲಿ ಹಿಂಜರಿದು ನಿಂತ ಪಕ್ಕದ ಮನೆಯವರನ್ನು ಅಜ್ಜಿ ಒಳಗೆ ಕರೆಯುತ್ತಿದ್ದ ರೀತಿ...

"ಅವರು ಹೇಳಿದ್ದು ಸರಿ ಸರ್. ಆದ್ರೆ ಅರ್ಧ! ನಮ್ಮಜ್ಜಿ 'ಧಾರಾಳವಾಗಿ ಬಾ, ಧಾರಾಳವಾಗಿ ತಗೋ' ಅಂತಿದ್ರು. ಅದು ತಗೊಳ್ಳೋರಿಗೆ ಹೇಳಿದ ಮಾತು. ಧಾರೆಗೆ ತಡೆ ಇರಬಾರದು ಅಂದ್ರೆ ಎರಡೂ ಕಡೆ ಇರಬಾರದು ಸರ್. ಸಂಕೋಚ ಬಿಟ್ಟು ತಗೊಳ್ಳೋದೂ ಧಾರಾಳವೇ. ನಮ್ಮ ನಿಘಂಟಿನಲ್ಲಿ ಈ ಅರ್ಥ ಇನ್ನೂ ಬಂದೇ ಇಲ್ಲ."

ಹೇಳಿ ಮುಗಿಸಿದ ಮೇಲೆ ಅವಳಿಗೇ ಹೊಳೆಯಿತು. ಹಂಗು ಹಂಗು ಎಂದು ಬಾಗಿಲು ಹಾಕಿಕೊಂಡು ಕೂತವಳು ತಾನೇ ಅಲ್ಲವೇ?

"ಭೇಷ್!" ಸಂಪಾದಕರು ಮೇಜು ತಟ್ಟಿದರು. "ಸೇರಿಸು ಆ ಅರ್ಥಾನ. ನಾಳೆಯಿಂದ ಈ ಕುರ್ಚಿ ನಿಂದೇ ಕಣಮ್ಮ."

ಗೆದ್ದಿದ್ದಳು! ಯಾರೂ ಬಿಟ್ಟುಕೊಟ್ಟದ್ದಲ್ಲ, ಎದುರಾಳಿಯ ಮುಂದೆ ನಿಂತು ಗೆದ್ದದ್ದು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಮಾತ್ರ ಆ ಎದುರಾಳಿಯೇ.

ಮೆಟ್ಟಿಲ ಬಳಿ ಮತ್ತೆ ಅವನ ಚೀಲದ ಪಟ್ಟಿ ಹಿಡಿದಳು. "ಈಗ ನಿಮ್ಮ ಗತಿ?"

"ಕೆಳಗಿನ ಪ್ರೆಸ್ಸಲ್ಲಿ ಕರಡು ತಿದ್ದೋ ಕೆಲಸ ಸಿಕ್ಕಿದೆ. ನಿಮ್ಮ ತಪ್ಪೆಲ್ಲಾ ಇನ್ಮೇಲೆ ನನ್ನ ಕೈಗೇ ಬರೋದು!" ನಕ್ಕವನು ತಲೆ ತಗ್ಗಿಸಿದ. "ಪಾಪ ಅಂತ ಅಲ್ಲ ಕಣ್ರೀ. ನಿಮ್ಮೆದುರು ನಿಲ್ಲೋಕೆ ಮನಸ್ಸೇ ಬರ್ಲಿಲ್ಲ. ನನಗೆ ನಿಮ್ಮ ಪಕ್ಕ..."

ಮತ್ತೆ ನಿಂತುಬಿಟ್ಟ!

ಅವಳಿಗೆ ಕಣ್ಣೂ ತುಂಬಿತು, ನಗುವೂ ಬಂತು.

"ಒಂದು ಮಾತು... ಕೇಳ್ಲಾ?"

ಅವಳು ಚೀಲದ ಪಟ್ಟಿ ಬಿಟ್ಟು ಅವನ ಕೈ ಹಿಡಿದುಕೊಂಡಳು.

"ಧಾರಾಳವಾಗಿ ಕೇಳಿ. ಬೇಡ ಅನ್ನೋ ಅಭ್ಯಾಸ ಇವತ್ತಿಗೆ ಬಿಟ್ಟೆ."