ಯಂತ್ರದ ಕೈವಾಡ

ಊಟದ ಬಿಡುವು ಮುಗಿಸಿ ಬಂದವರಿಗೆ ಮೊದಲು ಕಂಡದ್ದು ರಕ್ತ. ಸಿರಪ್ ಬಾಟಲಿ ತುಂಬುವ ಆ ಕಾರ್ಖಾನೆಯ ಪ್ಯಾಕಿಂಗ್ ಮೇಸ್ತ್ರಿ ನೆಲದ ಮೇಲೆ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಬಾಟಲಿ ಎತ್ತಿಡುವ ರೋಬೋಟಿನ ಬೂದು ಕೈ ಅವನ ಮೇಲೆ ಬಾಗಿ ನಿಂತಿತ್ತು. ಅದರ ಮೂರೂ ಬೆರಳಿಗೆ ರಕ್ತ ಮೆತ್ತಿತ್ತು.

ಇನ್‌ಸ್ಪೆಕ್ಟರ್ ಬರುವ ಹೊತ್ತಿಗೆ ಮೇಸ್ತ್ರಿಯನ್ನು ಆಸ್ಪತ್ರೆಗೆ ಸಾಗಿಸಿದ್ದರು. ಉಸಿರಿತ್ತು, ಪ್ರಜ್ಞೆ ಇರಲಿಲ್ಲ.

"ಯಂತ್ರ ಹೊಡೀತು ಮೇಡಂ. ಕಣ್ಣೆದುರೇ ಇದೆಯಲ್ಲ, ಇನ್ನೇನು ಸಾಕ್ಷಿ ಬೇಕು?" ಎಂದ ಮಾಲೀಕ.

ಇಂಥ ಸಿದ್ಧ ತೀರ್ಪು ಕೇಳಿದರೆ ಇನ್‌ಸ್ಪೆಕ್ಟರ್‌ಗೆ ಮೈಯುರಿ. ತೀರ್ಪು ನೀವೇ ಕೊಡುವುದಾದರೆ ನಾನೇಕೆ ಬಂದೆ ಎಂದು ಕೇಳಬೇಕೆನಿಸಿತು. ಕೇಳಿದ್ದು ಬೇರೆ.

"ಈ ಕೈ ಮಾಡಿದವರು ಯಾರು?"

ಎಲ್ಲರ ಕಣ್ಣೂ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಎಂಜಿನಿಯರ್ ಹುಡುಗಿಯ ಕಡೆ ಹೋದವು.

"ನಾನೇ," ಎಂದಳು ಅವಳು. "ಏಟು ಬಿದ್ದಿದ್ದು ನಮ್ಮಪ್ಪನಿಗೆ."

"ಮತ್ತೆ ಆಸ್ಪತ್ರೆಗೆ ಹೋಗ್ಲಿಲ್ವಾ?"

"ಯಾವ ಮುಖ ಇಟ್ಕೊಂಡು ಹೋಗ್ಲಿ ಮೇಡಂ? ಅಪ್ಪನ ತಲೆ ಒಡೆದವಳು ನಾನೇ."

ಕೇಸು ಆಮೇಲೆ, ಮೊದಲು ಈ ಹುಡುಗಿಯ ತಲೆಯಿಂದ ಆ ಮಾತು ಕಿತ್ತುಹಾಕಬೇಕು ಎಂದುಕೊಂಡಳು ಇನ್‌ಸ್ಪೆಕ್ಟರ್.

* * *

ರಕ್ತ ಮೆತ್ತಿದ ಕೈಯನ್ನು ಬಿಚ್ಚಿಸಿ ತೆಗೆದಿರಿಸಿದಳು. ಅಂಥದೇ ಇನ್ನೊಂದನ್ನು ಹಾಕಿಸಿದಳು.

"ಇದು ಹೇಗೆ ಕೆಲಸ ಮಾಡುತ್ತೆ, ನನ್ನಂಥ ದಡ್ಡರಿಗೆ ತಿಳಿಯೋ ಹಾಗೆ ಹೇಳಮ್ಮ."

"ಪೂರ್ತಿ ಪ್ಲಾಸ್ಟಿಕ್ಕು. ಬೆರಳು ಅಚ್ಚು ಹಾಕುವಾಗಲೇ ಒಳಗೆ ಸೆನ್ಸರ್ ಕೂತ್ಬಿಡುತ್ತೆ. ಎಷ್ಟು ಒತ್ತಬೇಕು ಅಂತ ಬೆರಳಿಗೇ ಗೊತ್ತಾಗುತ್ತೆ. ಬಾಟಲಿ ಬಿಟ್ಟು ಬೇರೇನಾದ್ರೂ ತಾಗಿದ್ರೆ ನಿಂತುಬಿಡ್ಬೇಕು."

"ಪ್ಲಾಸ್ಟಿಕ್ಕಾ? ನೋಡಿದ್ರೆ ಕಬ್ಬಿಣ ಅನ್ಸುತ್ತೆ."

"ಮೊದಲು ಕಬ್ಬಿಣದ್ದೇ ಇತ್ತು. ಬಾಟಲಿ ಒಡೀತಿತ್ತು. ಹೋದ ವಾರ ಇದನ್ನ ಹಾಕಿದ್ವಿ. ಆಟದ ಸಾಮಾನಿನ ಹಾಗೆ ಕಾಣುತ್ತೆ ಅಂತ ಮಾಲೀಕರು ಹಳೇ ಬೂದು ಬಣ್ಣಾನೇ ಬಳಿಸಿದ್ರು."

"ನಡೆಸು."

ಕೈ ಚಲಿಸತೊಡಗಿದ್ದೇ ತಡ, ಇನ್‌ಸ್ಪೆಕ್ಟರ್ ತನ್ನ ತಲೆಯನ್ನೇ ಅದರ ದಾರಿಗೆ ಒಡ್ಡಿದಳು. ಹುಡುಗಿ ಗಾಬರಿಯಿಂದ ಬಾಯಿ ಮುಚ್ಚಿಕೊಂಡಳು. ಬೆರಳು ಬಂದು ಕೂದಲಿಗೆ ತಾಗಿತು. ತಾಗಿದಲ್ಲೇ ನಿಂತಿತು.

"ಇದು ನಿಂತಿತು ಮೇಡಂ," ಎಂದಳು ಹುಡುಗಿ. "ಅದು ನಿಲ್ಲದೇ ಇದ್ದಿರಬಹುದು."

ಇನ್‌ಸ್ಪೆಕ್ಟರ್ ವಾದಕ್ಕೆ ಇಳಿಯಲಿಲ್ಲ. ತೆಗೆದಿರಿಸಿದ ಕೈಯನ್ನು ಬೆಳಕಿಗೆ ಹಿಡಿದು ಬೆರಳು ಬೆರಳನ್ನೂ ನೋಡಿದಳು. ಆಮೇಲೆ ಇಬ್ಬರು ಪೇದೆಗಳನ್ನು ಗೋದಾಮು ಸೇರಿ ಕಾರ್ಖಾನೆಯನ್ನೆಲ್ಲ ಜಾಲಾಡಲು ಕಳಿಸಿದಳು.

* * *

ಬಿಡುವಿನಲ್ಲಿ ಕಟ್ಟಡದೊಳಗೆ ಉಳಿದವರು ಮೂವರು: ಮಾಲೀಕ, ಯಂತ್ರ ನಡೆಸುವ ಆಪರೇಟರ್, ಗೋದಾಮು ನೋಡಿಕೊಳ್ಳುವವನು. ಆಪರೇಟರ್ ಬೆಳಿಗ್ಗೆಯಷ್ಟೇ ಮೇಸ್ತ್ರಿಯ ಜೊತೆ ಬಾಯಿಗೆ ಬಾಯಿ ಕೊಟ್ಟು ಜಗಳವಾಡಿದ್ದ. ಊರಿಗೆಲ್ಲ ಕೇಳಿಸಿತ್ತು.

"ನಾಲಿಗೆ ಉದ್ದ ಆಯ್ತು ಮೇಡಂ, ಒಪ್ಕೋತೀನಿ. ಕೈ ಎತ್ತಿಲ್ಲ," ಎಂದ.

"ಇವನೇ ಮೇಡಂ," ಎಂದು ದಫೇದಾರ ಕಿವಿಯಲ್ಲಿ ಉಸುರಿದ. "ಮುಖ ನೋಡಿದ್ರೇ ಗೊತ್ತಾಗುತ್ತೆ."

"ನಿಮ್ಮ ಮುಖ ನೋಡಿದ್ರೂ ನಂಗೆ ಏನೇನೋ ಗೊತ್ತಾಗುತ್ತೆ. ಸುಮ್ನಿರಿ."

ಗೋದಾಮಿನವನು ಕಣ್ಣೊರೆಸಿಕೊಂಡ. "ರಜೆ ಮುಗಿಸಿ ಇವತ್ತು ಮಧ್ಯಾಹ್ನವಷ್ಟೇ ಬಂದೆ. ಉಸ್ಸಪ್ಪಾ ಅಂತ ಕೂರೋಷ್ಟರಲ್ಲಿ ಹೀಗಾಯ್ತು. ಮಗಳೇ ನೋಡ್ಕೊಳ್ಳೋ ಯಂತ್ರ ಆದ್ರೇನು, ಅದಕ್ಕೆ ಅಪ್ಪ ಯಾರು, ಅಣ್ಣ ಯಾರು?"

* * *

ಇನ್‌ಸ್ಪೆಕ್ಟರ್ ಮಾಲೀಕನ ಕೋಣೆಯ ಮೇಜಿನ ಮೇಲೆ ರಕ್ತವಿಲ್ಲದ ಬೂದು ಕೈಯನ್ನು ಇಟ್ಟಳು. ಒಬ್ಬೊಬ್ಬರನ್ನೇ ಒಳಗೆ ಕರೆಸಿದಳು. ಎಲ್ಲರಿಗೂ ಒಂದೇ ಮಾತು: "ಅದನ್ನ ಎತ್ತಿ ಆ ಕಪಾಟಿನ ಮೇಲಿಡಿ."

ಮಾಲೀಕ ಎರಡು ಬೆರಳಲ್ಲಿ ಹಿಡಿದು ಇಟ್ಟ. ಆಪರೇಟರ್ ಫೋನ್ ನೋಡುತ್ತಲೇ ಇನ್ನೊಂದು ಕೈಯಿಂದ ಎತ್ತಿಟ್ಟ.

ಗೋದಾಮಿನವನು ಅಂಗಿಯ ತೋಳು ಮಡಿಸಿದ. ಕಾಲು ಅಗಲಿಸಿ ನಿಂತ. ಎರಡೂ ಕೈ ಅಡಿಗೆ ಕೊಟ್ಟು, ದಮ್ಮು ಕಟ್ಟಿ, ಬಲವೆಲ್ಲ ಹಾಕಿ ಎತ್ತಿದ. ಯಂತ್ರದ ಕೈ ಮೇಲಕ್ಕೆ ಹಾರಿ ಅವನ ಮೂಗಿಗೇ ಬಡಿಯಿತು. ಹಿಂದಕ್ಕೆ ತೂರಾಡಿ ದಫೇದಾರನ ಕಾಲು ತುಳಿದ.

"ಅಯ್ಯೋ, ಇದ್ರಲ್ಲಿ ತೂಕವೇ ಇಲ್ಲ," ಎಂದುಬಿಟ್ಟ.

"ಇಲ್ಲ. ಅದು ಗೊತ್ತಿಲ್ಲದೇ ಇದ್ದವನು ನೀನೊಬ್ಬನೇ," ಎಂದಳು ಇನ್‌ಸ್ಪೆಕ್ಟರ್. ಉಳಿದವರನ್ನೂ ಒಳಗೆ ಕರೆಸಿ, ಮೇಸ್ತ್ರಿಯ ಮಗಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಳು.

"ಕೇಳಮ್ಮ. ಸೆನ್ಸರ್ ಕೆಟ್ಟಿತ್ತು ಅಂತಲೇ ಇಟ್ಕೊಳ್ಳೋಣ. ತಲೆ ಒಡೆಯೋ ಅಷ್ಟು ಜೋರಾಗಿ ಹೊಡೆದಿದ್ರೆ ಈ ಪ್ಲಾಸ್ಟಿಕ್ ಬೆರಳು ಮೊದಲು ಮುರೀಬೇಕಿತ್ತು. ರಕ್ತ ಮೆತ್ತಿದ ಕೈಯಲ್ಲಿ ಒಂದು ಬಿರುಕೂ ಇಲ್ಲ. ಅಂದ್ಮೇಲೆ ರಕ್ತ ಯಾರೋ ಬಳಿದದ್ದು. ರಕ್ತ ಕಂಡ ಗಾಬರಿಯಲ್ಲಿ ನೀವೆಲ್ಲ ನಂಬಿದ್ರಿ, ಸರಿ. ಆದ್ರೆ ಇದು ಪ್ಲಾಸ್ಟಿಕ್ ಅಂತ ತಿಳಿದವನು ಇದಕ್ಕೆ ರಕ್ತ ಬಳಿದು ತಪ್ಪು ಹೊರಿಸೋಕೆ ಹೋಗ್ತಾನಾ? ಕಬ್ಬಿಣ ಅಂದ್ಕೊಂಡವನು ಹೋಗ್ತಾನೆ. ಕೈ ಬದಲಾಯಿಸಿದಾಗ ಇವನು ರಜೆ ಮೇಲಿದ್ದ. ಬಣ್ಣ ನೋಡಿ ಮೋಸ ಹೋದ."

ಅಷ್ಟರಲ್ಲಿ ಪೇದೆಗಳು ಗೋದಾಮಿನಿಂದ ಬಂದರು. ಒಬ್ಬನ ಕೈಯಲ್ಲಿ ಪೆಟ್ಟಿಗೆ ಬಿಚ್ಚುವ ಕಬ್ಬಿಣದ ಸಲಾಕೆ. ತೊಳೆದಿದ್ದರೂ ಬುಡದಲ್ಲಿ ರಕ್ತ ಅಂಟಿತ್ತು. ಇನ್ನೊಬ್ಬನ ಕೈಯಲ್ಲಿ ಅವಧಿ ಮೀರಿದ ಸಿರಪ್ ಬಾಟಲಿ. ಮೇಲೆ ಹೊಸ ತಾರೀಖಿನ ಚೀಟಿ. ಗೋದಾಮಿನ ಹಿಂಭಾಗದಲ್ಲಿ ಅಂಥವು ಪೆಟ್ಟಿಗೆಗಟ್ಟಲೆ ಇದ್ದವಂತೆ.

"ಮಕ್ಕಳು ಕುಡಿಯೋ ಔಷಧಿ ಕಣಯ್ಯಾ," ಎಂದಳು ಇನ್‌ಸ್ಪೆಕ್ಟರ್. ಅವಳ ದನಿ ಮೊದಲ ಸಲ ಏರಿತು.

ಗೋದಾಮಿನವನು ಕುಸಿದು ಕೂತ. "ನಾನಿಲ್ದಾಗ ಮೇಸ್ತ್ರಿ ನೋಡ್ಬಿಟ್ಟಿದ್ದ. ಬಂದ ತಕ್ಷಣ ಯಂತ್ರದ ಹತ್ರಾನೇ ಹಿಡ್ಕೊಂಡ, ಮಾಲೀಕರಿಗೆ ಹೇಳ್ತೀನಿ ಅಂದ. ಕೈ ಮುಗಿದೆ, ಕೇಳ್ಲಿಲ್ಲ. ಅವನು ತಿರುಗಿ ಹೊರಟಾಗ..." ಮುಂದಿನದನ್ನು ಅವನು ಹೇಳಬೇಕಾಗಿರಲಿಲ್ಲ.

"ಇನ್ನಾದ್ರೂ ಆಸ್ಪತ್ರೆಗೆ ಹೊರಡ್ತೀಯೋ, ನಾನೇ ಎತ್ಕೊಂಡು ಹೋಗ್ಲೋ?" ಎಂದಳು ಇನ್‌ಸ್ಪೆಕ್ಟರ್ ಹುಡುಗಿಗೆ.

* * *

ಮೇಸ್ತ್ರಿಗೆ ಆಗಷ್ಟೇ ಎಚ್ಚರವಾಗಿತ್ತು. ತಲೆ ತುಂಬ ಬ್ಯಾಂಡೇಜು. ಮಗಳು ಬಾಗಿಲಲ್ಲೇ ನಿಂತಳು. ಇನ್‌ಸ್ಪೆಕ್ಟರ್ ಅವಳ ಬೆನ್ನಿಗೆ ಕೈಯಿಟ್ಟು ಒಳಗೆ ತಳ್ಳಿದಳು.

"ಸಿಕ್ಕಿದ್ನಾ ಆ ಗೋದಾಮಿನ ಕಳ್ಳ?" ಎಂದ ಮೇಸ್ತ್ರಿ, ಕ್ಷೀಣ ದನಿಯಲ್ಲಿ.

"ಸಿಕ್ಕಿದ."

ಅವನು ಮಗಳ ಕಡೆ ಕಣ್ಣು ಹೊರಳಿಸಿದ.

"ಬೀಳುವಾಗ ಆ ಯಂತ್ರದ ಮೇಲೇ ಬಿದ್ದೆ ಅನ್ಸುತ್ತೆ ಕಣಮ್ಮ. ನೀನು ಅಷ್ಟು ಕಷ್ಟಪಟ್ಟು ಮಾಡಿದ್ದೆ. ನಿನ್ನ ಕೈಗೇನೂ ಆಗ್ಲಿಲ್ವಲ್ಲ?"

"ಇಲ್ಲಪ್ಪ," ಎಂದಳು ಮಗಳು. "ಏನೂ ಆಗಿಲ್ಲ." ಅಪ್ಪನ ಅಂಗೈಗೆ ಮುಖವೊತ್ತಿ ಗಟ್ಟಿಯಾಗಿ ಅತ್ತುಬಿಟ್ಟಳು.