ಪಟ್ಟಿ ಮೇಡಂ ಕೇಳದೇ ಹೋದದ್ದು

ಆ ಬೆಳಗ್ಗೆ ಒಣಗಾಳಿ ಎದ್ದಿತ್ತು. ಸೂರ್ಯ ಹುಟ್ಟುವ ಮೊದಲೇ ಶುರುವಾದ ಗಾಳಿ, ಹಲ್ಲಿನ ಆಸ್ಪತ್ರೆಯ ಉದ್ದನೆಯ ಹಜಾರದೊಳಗೆ ಊರ ಧೂಳನ್ನೆಲ್ಲ ತಂದು ಸುರಿದಿತ್ತು. ಕಿಟಕಿಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು.

ಹಜಾರದ ಕೊನೆಯ ಕೋಣೆಯಲ್ಲಿ ಅವಳು ಒಂದು ಕೈಯಿಂದ ಕಿಟಕಿ ಹಿಡಿದು, ಇನ್ನೊಂದು ಅಂಗೈಯಿಂದ ಮೇಜಿನ ಮೇಲಿದ್ದ ಕಾಗದದ ಪಟ್ಟಿಗಳನ್ನು ಒತ್ತಿಕೊಂಡಿದ್ದಳು.

ಉಗುರಿನಷ್ಟೂ ಅಗಲವಿಲ್ಲದ ಪಟ್ಟಿಗಳು. ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ ಒಂದನ್ನು ಮೆಲ್ಲಗೆ ಸೇರಿಸಿಟ್ಟರೆ, ಅಲ್ಲಿ ಒಸರುವ ಒಂದಿಷ್ಟು ನೀರನ್ನು ಅದು ಹೀರಿಕೊಳ್ಳುತ್ತದೆ. ವಸಡು ಕೆಟ್ಟಿದ್ದರೆ ಆ ನೀರಿನಲ್ಲೂ ಬಾಯಿಯ ಜೊಲ್ಲಿನಲ್ಲೂ, ವಸಡನ್ನು ತಿಂದುಹಾಕುವ ಒಂದು ಕಿಣ್ವ ಹೆಚ್ಚಿರುತ್ತದೆ. ಚಿಕಿತ್ಸೆಯಾದ ಮೇಲೆ ಅದು ಇಳಿಯುತ್ತದೆಯೇ? ಇಳಿಯುವುದಾದರೆ, ಕಾಯಿಲೆ ವಾಸಿಯಾಯಿತೋ ಇಲ್ಲವೋ ಎಂಬುದನ್ನು ಒಂದು ಹನಿ ಜೊಲ್ಲೇ ಹೇಳಿಬಿಡುತ್ತದೆ.

ಇದೇ ಅವಳು ಪದವಿಗಾಗಿ ಮಾಡುತ್ತಿದ್ದ ಸಂಶೋಧನೆ. ಮನುಷ್ಯನ ಸುದ್ದಿಯನ್ನು ದೇವರು ಅವನ ಬಾಯೊಳಗೇ ಇಟ್ಟಿದ್ದಾನೆ, ಕೇಳಿಸಿಕೊಳ್ಳುವ ತಾಳ್ಮೆ ಬೇಕಷ್ಟೇ ಎಂದು ಅವಳು ನಂಬಿದ್ದಳು. ರೋಗಿಗಳು ಅವಳಿಗೆ 'ಪಟ್ಟಿ ಮೇಡಂ' ಎಂದು ಹೆಸರಿಟ್ಟಿದ್ದರು.

ಬಾಗಿಲು ಧಡಾರನೆ ತೆರೆಯಿತು. ಗಾಳಿ ನುಗ್ಗಿ ಪಟ್ಟಿಗಳೆಲ್ಲ ಹಾರಿಹೋದವು.

ಹೊಸ್ತಿಲಲ್ಲಿ ಬಿಳಿ ಕೋಟಿನ ಒಬ್ಬ ಅಪರಿಚಿತ ನಿಂತಿದ್ದ. ಅವನ ತೋಳು ಹಿಡಿದುಕೊಂಡು ಗುಂಡಿ ಅಜ್ಜಿ ಬಂದಿದ್ದಳು. ಒಂದು ಕಾಲಕ್ಕೆ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದವಳು. ಈಗ ಈ ಅಧ್ಯಯನಕ್ಕೆ ಹೆಸರು ಕೊಟ್ಟಿದ್ದ ರೋಗಿಗಳಲ್ಲಿ ಒಬ್ಬಳು.

ಪಟ್ಟಿ ಮೇಡಂ ಸಿಟ್ಟು ನುಂಗಿ ಹೊಸ ಪಟ್ಟಿ ತೆಗೆದು ಅಜ್ಜಿಯ ವಸಡಿನ ಸಂದಿಗೆ ಇಟ್ಟಳು. ಪಟ್ಟಿ ಕೆಂಪಾಯಿತು. ಅವಳು ಅದನ್ನು ಕಸದ ಡಬ್ಬಿಗೆ ಎಸೆದಳು.

"ಅಳತೆ ಕಡ್ಡಿ ಹಾಕಿದ್ರಾ ಇವರಿಗೆ?"

"ಹಾಕಿದೆ. ವಸಡು ಹಲ್ಲು ಬಿಟ್ಟು ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡಬೇಡ್ವಾ?"

"ಕಡ್ಡಿ ತಾಗಿದ್ರೆ ರಕ್ತ ಬರತ್ತೆ. ರಕ್ತ ಸೇರಿದ್ರೆ ನನ್ನ ಪಟ್ಟಿ ಸುಳ್ಳು ಹೇಳತ್ತೆ. ಮೊದಲು ಈ ಕೋಣೆ, ಆಮೇಲೆ ನಿಮ್ಮ ಕುರ್ಚಿ. ಅಷ್ಟೂ ಗೊತ್ತಿಲ್ವಾ?"

"ಇವತ್ತು ತಾನೇ ಸೇರಿದೀನಿ ಮೇಡಂ. ನನ್ನ ಕುರ್ಚಿ ಯಾವುದು ಅಂತಾನೂ ಇನ್ನೂ ಯಾರೂ ಹೇಳಿಲ್ಲ."

ಅಲ್ಲಿಯವರೆಗೂ ಬಾಯಿ ತೆರೆದೇ ಕೂತಿದ್ದ ಅಜ್ಜಿ, ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿ, "ನಿಮ್ಮ ಜಗಳ ಮುಗಿಯೋ ತನಕ ನಾನು ಬಾಯಿ ಮುಚ್ಕೊಳ್ಳಲಾ?" ಎಂದಳು.

ಅವನು ನಕ್ಕ. ಅವಳಿಗೆ ನಗು ಬಂದರೂ ತೋರಿಸಲಿಲ್ಲ.

'ಎಂಥಾ ಅವಸರದ ಮನುಷ್ಯ...' ಎಂದುಕೊಂಡಳು. ಆ ತೀರ್ಮಾನ ಅವಳ ಮನಸ್ಸಿನ ಮೂಲೆಯಲ್ಲಿ ಹಾಗೇ ಕೂತಿತು.

ಆದರೆ ಅವನು ಅವಸರದವನಲ್ಲ. ಅಂದಿನಿಂದ ಅವಳ ಕೋಣೆಗೆ ಹೋಗಿ ಬಾರದ ಒಬ್ಬ ರೋಗಿಯ ಬಾಯಿಗೂ ಕಡ್ಡಿ ತಾಗಿಸಲಿಲ್ಲ. ಹಲ್ಲಿನ ಬೇರಿಗಂಟಿದ ಕೊಳೆಯನ್ನು ಅವನು ಕೆರೆದು ತೆಗೆಯುತ್ತಿದ್ದ ರೀತಿಗೆ ರೋಗಿಗಳು ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದರಂತೆ. ಬೈಗುಳಗಳಿಗೆ ಹೆಸರಾಗಿದ್ದ ಒಬ್ಬ ಬಸ್ ಡ್ರೈವರ್ ಕೂಡ ಅವನ ಮುಂದೆ 'ಡಾಕ್ಟ್ರೇ' ಎಂದು ಮಗುವಿನಂತೆ ಕೂರುತ್ತಿದ್ದ. ಎಲ್ಲರಿಗೂ ಅವನು ವಸಡು ಡಾಕ್ಟ್ರು.

ಹೋಲಿಕೆಗಾಗಿ ಆರೋಗ್ಯವಾದ ಬಾಯಿಗಳೂ ಬೇಕಾಗಿದ್ದವು. ಒಂದು ದಿನ ಅವನೇ ಬಂದು ಅವಳ ಮುಂದೆ ಕೂತ. ತಲೆ ಬಗ್ಗಿಸಿ, ಬಾಯಲ್ಲಿ ತುಂಬಿದ್ದನ್ನು ತಾನಾಗಿಯೇ ಸಣ್ಣ ಕೊಳವೆಯೊಳಗೆ ಇಳಿಯಬಿಡಬೇಕು. ಅವನ ಕಿವಿ ಕೆಂಪಾಗಿತ್ತು.

"ಹುಡುಗಿ ಮುಂದೆ ಕೂತು ಜೊಲ್ಲು ಸುರಿಸಿದ ಅಂತ ದೂರು ಕೊಡಬೇಡಿ ಮೇಡಂ. ಸುರಿಸು ಅಂದಿದ್ದು ನೀವೇ."

ಅವಳು ಅಂದು ಎಷ್ಟು ನಕ್ಕಳೆಂದರೆ, ಕೊಳವೆಗೆ ಮುಚ್ಚಳ ಹಾಕಲು ಕೈ ನಿಲ್ಲಲಿಲ್ಲ.

ಆಮೇಲಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಮೇಡಂ' ಹೋಗಿ 'ನೀನು' ಬಂತು. ತಂದೆತಾಯಿ ಇಲ್ಲದ ಅವಳನ್ನು ಸಾಕಿದ್ದು ಅಕ್ಕ. ಅಕ್ಕನಿಗೆ ಹುಡುಗ ಒಪ್ಪಿಗೆಯಾದ. ಭಾವನಂತೂ, ಷಡ್ಡಕ ಹಲ್ಲಿನ ಡಾಕ್ಟ್ರಾದರೆ ತನ್ನ ಮೂರು ಹುಳುಕು ಹಲ್ಲಿಗೆ ಮುಕ್ತಿ ಎಂದು ಆಗಲೇ ಲೆಕ್ಕ ಹಾಕಿದ. ಆಸ್ಪತ್ರೆಯಲ್ಲೂ ಎಲ್ಲರಿಗೂ ತಿಳಿಯಿತು. ಹಜಾರದಲ್ಲಿ ಇಬ್ಬರೂ ಎದುರಾದರೆ ನರ್ಸುಗಳು ಕೆಮ್ಮುತ್ತಿದ್ದರು.

ಅಷ್ಟರಲ್ಲಿ ಎರಡನೆಯ ಸುತ್ತು ಬಂತು. ಚಿಕಿತ್ಸೆ ಮುಗಿದ ರೋಗಿಗಳಿಂದ ಮತ್ತೆ ಜೊಲ್ಲು, ಮತ್ತೆ ಪಟ್ಟಿ. ಎಲ್ಲರ ವಸಡೂ ನೋಡಲು ಗಟ್ಟಿಯಾಗಿ, ತಿಳಿಗುಲಾಬಿಯಾಗಿತ್ತು. ರೋಗಿಗಳು ಈಗ ಹಳಬರು. ಮೊದಲು ಡಾಕ್ಟ್ರ ಕುರ್ಚಿಯ ಬಳಿ ಹೋಗಿ ಬಾಯಿ ತೋರಿಸಿ, ಬೆನ್ನು ತಟ್ಟಿಸಿಕೊಂಡು, ಆಮೇಲೆ ಅವಳ ಕೋಣೆಗೆ ಬರುತ್ತಿದ್ದರು. ಅವಳೂ ಸಲುಗೆಯಿಂದ, ಮೊದಲ ಸುತ್ತಿನಲ್ಲಿ ಕೇಳಿದ್ದ ಉಳಿದ ಪ್ರಶ್ನೆಗಳನ್ನು ಬಿಟ್ಟು, "ಏನೂ ತಿಂದಿಲ್ಲ ತಾನೇ?" ಎಂದಷ್ಟೇ ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದರು. ನಿಜವೇ, ಯಾರೂ ಏನೂ ತಿಂದಿರುತ್ತಿರಲಿಲ್ಲ.

ಕಿಣ್ವ ಅಳೆಯುವ ಯಂತ್ರದ ಲೆಕ್ಕ ಬಂದಾಗ ಅವಳು ಅದನ್ನು ಎರಡೆರಡು ಸಲ ಓದಿದಳು.

ಕಿಣ್ವ ಇಳಿದಿರಲಿಲ್ಲ. ಕೆಲವರಲ್ಲಿ ಏರಿತ್ತು.

ಮತ್ತೆ ಮಾಡಿದಳು. ಅದೇ ಬಂತು. ಜೊಲ್ಲಿನಲ್ಲಿ ರಕ್ತವೇನಾದರೂ ಸೇರಿದೆಯೇ ಎಂದು ಪರೀಕ್ಷಿಸಿದಳು. ಸೇರಿತ್ತು. ಕಣ್ಣಿಗೆ ಕಾಣದಷ್ಟು, ಆದರೆ ಒಬ್ಬಿಬ್ಬರಲ್ಲಿ ಅಲ್ಲ, ಹೆಚ್ಚುಕಡಿಮೆ ಎಲ್ಲರಲ್ಲೂ.

ವಾಸಿಯಾದ ವಸಡಿನಲ್ಲಿ ರಕ್ತ ಎಲ್ಲಿಂದ ಬಂತು?

ಮನಸ್ಸಿನ ಮೂಲೆಯಲ್ಲಿ ಕೂತಿದ್ದ ಆ ಮೊದಲ ದಿನದ ತೀರ್ಮಾನ ಆಗ ಎದ್ದು ನಿಂತಿತು.

ವಿಭಾಗದ ಮುಖ್ಯಸ್ಥೆ ದೊಡ್ಡ ಮೇಡಂ ಎಲ್ಲರನ್ನೂ ಕರೆಸಿದರು. ಉದ್ದದ ಮೇಜು, ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಅವನು. ಹೀಗಾಗಲು ಕಾರಣವೇನು ಎಂದು ದೊಡ್ಡ ಮೇಡಂ ಅವಳನ್ನೇ ಕೇಳಿದರು. ಸುತ್ತಲೂ ಇದ್ದ ಕಣ್ಣುಗಳು ಅವಳ ಮೇಲೆ ನೆಟ್ಟವು.

'ಈಗ ಮೆತ್ತಗಾದರೆ, ಮದುವೆಯಾಗುವವನನ್ನು ಕಾಪಾಡಿದಳು ಅಂತಾರೆ...'

ಪ್ರೀತಿ ಇಲ್ಲದಿದ್ದರೆ ಅವಳು 'ಗೊತ್ತಿಲ್ಲ, ವಿಚಾರಿಸಬೇಕು' ಎನ್ನುತ್ತಿದ್ದಳೇನೋ. ಪ್ರೀತಿ ಇತ್ತು, ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ದನಿ ಗಟ್ಟಿಯಾಯಿತು.

"ನನ್ನ ಕೋಣೆಗೆ ಬರೋಕೆ ಮುಂಚೆ ಕಡ್ಡಿ ಹಾಕಿದಾರೆ. ಬೇರೆ ಕಾರಣ ಇಲ್ಲ."

ಅವನು ತಲೆ ಎತ್ತಿದ. "ಇಲ್ಲ. ಕನ್ನಡಿ ಹಿಡಿದು ನೋಡಿದ್ದು ಬಿಟ್ರೆ ನಾನು ಯಾರ ಬಾಯನ್ನೂ ಮುಟ್ಟಿಲ್ಲ."

"ಮೊದಲ ದಿನವೂ ಹಾಕಿದ್ರಲ್ಲ."

ಅವನು ಕಣ್ಣು ಮೇಜಿಗೆ ಇಳಿಸಿದ. ಅವನದು ತಾತ್ಕಾಲಿಕ ಕೆಲಸ. ತಿಂಗಳ ಕೊನೆಗೆ ಮುಗಿಯುವುದಿತ್ತು, ಇಂದಿಗೇ ಮುಗಿಯಿತು ಅಂದರು ದೊಡ್ಡ ಮೇಡಂ.

ಮೆಟ್ಟಿಲಲ್ಲಿ ಅವಳು ಅವನ ಹಿಂದೆ ಬಂದಳು. ಅವನು ನಿಂತ.

"ನೀನು ನನ್ನನ್ನ ಒಂದು ಮಾತು ಕೇಳಬಹುದಿತ್ತು. ನಿನ್ನ ಕೋಣೆಗೆ ಕರೆದು, ಏನಾಯ್ತು ಹೇಳು ಅಂತ."

"ಕೇಳಿದ್ರೆ... ನಿಮ್ಮ ಪರ ಅಂತಿದ್ರು ಎಲ್ಲರೂ."

"ಸರಿ," ಎಂದ ಅವನು. "ಇನ್ಮೇಲೆ ಯಾರೂ ಹಾಗನ್ನಲ್ಲ."

ಅವನು ಮದುವೆ ಮಾತಿಗೆ ಅಕ್ಕನ ಮನೆಗೆ ಬರಬೇಕಿದ್ದ ದಿನ ಬರಲಿಲ್ಲ. ರಾತ್ರಿ ಅಕ್ಕ ಪಾತ್ರೆ ಒರೆಸುತ್ತಾ, ಬಂದ ರೋಗಿಗಳನ್ನೆಲ್ಲ ಕೂರಿಸಿಕೊಂಡು ಕೇಳುತ್ತೀಯಂತೆ, ಕಟ್ಟಿಕೊಳ್ಳುವವನನ್ನು ಮಾತ್ರ ಕೇಳಲಿಲ್ಲ ಎಂದಷ್ಟೇ ಹೇಳಿ ದೀಪ ಆರಿಸಿದಳು.

ತಾನು ಮಾಡಿದ್ದು ಸರಿ ಎಂದು ಅವಳು ದಿನಾ ತನಗೇ ಹೇಳಿಕೊಂಡಳು. ದಿನಾ ಹೇಳಿಕೊಳ್ಳಬೇಕಾಗಿ ಬಂದದ್ದೇ ಅವಳನ್ನು ಹೆದರಿಸುತ್ತಿತ್ತು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಉದ್ದದ ಮೇಜೇ ಕಾಣುತ್ತಿತ್ತು.

ಅದೇ ರೋಗಿಗಳನ್ನು ಬೇರೆ ಡಾಕ್ಟರ ಕೈಯಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಕರೆಸಲಾಯಿತು. ಒಂದು ಬೆಳಗ್ಗೆ ಮುಂಬಾಗಿಲಿಗೆ ಬಣ್ಣ ಬಳಿಯುತ್ತಿದ್ದರೆಂದು ಅವಳು ಆಸ್ಪತ್ರೆಯ ಹಿಂಬದಿಯಿಂದ ಬಂದಳು. ಅಲ್ಲಿ ತೋಟಕ್ಕೆ ನೀರು ಬಿಡುವ ಒಂದು ನಲ್ಲಿ. ನಲ್ಲಿಯ ಸುತ್ತ ಅವಳ ರೋಗಿಗಳು ನಿಂತಿದ್ದರು. ಡ್ರೈವರ್, ಅವನ ಹಿಂದೆ ಇಬ್ಬರು ಹೆಂಗಸರು, ಮುಂದೆ ಗುಂಡಿ ಅಜ್ಜಿ. ಎಲ್ಲರ ಕೈಯಲ್ಲೂ ಬ್ರಷ್ಷು.

ಅಜ್ಜಿ ಪಾತ್ರೆ ತಿಕ್ಕುವ ಹಾಗೆ ಹಲ್ಲು ತಿಕ್ಕುತ್ತಿದ್ದಳು. ಉಗಿದಳು. ಕಲ್ಲಿನ ಮೇಲೆ ಬಿದ್ದ ನೊರೆ ಕೆಂಪಗಿತ್ತು.

ಅವಳು ಹತ್ತಿರ ಓಡಿದಳು. "ಅಜ್ಜೀ... ಏನು ಮಾಡ್ತಿದೀರಾ?"

"ಹಲ್ಲುಜ್ಜುತಾ ಇದೀವಮ್ಮ. ಕಾಣಲ್ವಾ?"

"ಪರೀಕ್ಷೆಗೆ ಮುಂಚೆ ಉಜ್ಜಬಾರದು ಅಂತ ಹೇಳಿದ್ದೆ ಅಲ್ವಾ ನಾನು?"

"ಅದು ಮೊದಲ ಸಲಕ್ಕೆ ತಾನೇ?" ಎಂದಳು ಅಜ್ಜಿ. "ಆಗ ಕಾಯಿಲೆ ಬಾಯಿ, ಇದ್ದ ಹಾಗೇ ತೋರಿಸಿದ್ವಿ. ಈಗ ವಸಡು ಡಾಕ್ಟ್ರು ಅಷ್ಟು ಕಷ್ಟಪಟ್ಟು ಕ್ಲೀನ್ ಮಾಡಿದಾರೆ. ಕೊಳೆ ಬಾಯಿ ಹೊತ್ಕೊಂಡು ನಿಮ್ಮ ಹತ್ರ ಬಂದ್ರೆ ಅವರ ಮರ್ಯಾದೆ ಏನಾಗಬೇಕು? ಅದಕ್ಕೇ ಎಲ್ಲಾರೂ ಇಲ್ಲಿ ಚೆನ್ನಾಗಿ ತಿಕ್ಕೊಂಡು ಒಳಗೆ ಬರ್ತೀವಿ. ಕ್ಲೀನ್ ಆದಾಗಿಂದ ಹಿಂಗೇ."

ಡ್ರೈವರ್ ಬಾಯಿ ಮುಕ್ಕಳಿಸಿ, ತಗ್ಗಿದ ದನಿಯಲ್ಲಿ, "ಆದ್ರೂ ಅವರನ್ನ ಕಳಿಸಿಬಿಟ್ರಂತೆ ಮೇಡಂ. ಇನ್ನೂ ಸ್ವಲ್ಪ ಜೋರಾಗಿ ತಿಕ್ಕಬೇಕಿತ್ತೇನೋ ನಾವು," ಎಂದ.

ಅವಳು ನಲ್ಲಿಯ ಕಟ್ಟೆ ಹಿಡಿದು ಕೂತುಬಿಟ್ಟಳು.

ಒಬ್ಬ ಮನುಷ್ಯನ ಮೇಲೆ ಇಷ್ಟು ಜನ ಇಟ್ಟ ಪ್ರೀತಿಯೇ ಅವನನ್ನು ಕಳಿಸಿತ್ತು. ಅವರ ಪ್ರೀತಿಗಾದರೂ ತಿಳಿವಳಿಕೆ ಇರಲಿಲ್ಲ. ತನ್ನದಕ್ಕೆ? ಕೇಳುವುದೇ ತನ್ನ ಕೆಲಸವಾಗಿತ್ತು. ರೋಗಿಗಳನ್ನು ಪೂರ್ತಿ ಕೇಳಲಿಲ್ಲ. ಅವನನ್ನು ಕೇಳಲೇ ಇಲ್ಲ.

ಅಜ್ಜಿ ಒದ್ದೆ ಕೈಯನ್ನು ಅವಳ ತಲೆಯ ಮೇಲಿಟ್ಟು, ತಿಂಡಿ ತಿಂದು ಬರಲಿಲ್ಲವೇ ಮಗಳೇ ಎಂದು ವಿಚಾರಿಸಿದಳು.

ಅದೇ ದಿನ ಅವಳು ದೊಡ್ಡ ಮೇಡಂ ಬಳಿ ಹೋಗಿ, ಅಂದು ಇದ್ದವರೆಲ್ಲರನ್ನೂ ಮತ್ತೆ ಕರೆಸಿ ಎಂದು ಬೇಡಿಕೊಂಡಳು. ಅದೇ ಉದ್ದದ ಮೇಜಿನ ಮುಂದೆ ನಿಂತು ನಲ್ಲಿಯ ಕಥೆ ಹೇಳಿದಳು. ತಪ್ಪು ತನ್ನದು, ಅವನದಲ್ಲ ಎಂದಳು. ಎರಡನೆಯ ಸುತ್ತಿನ ಮಾದರಿಗಳೆಲ್ಲ ಕಸಕ್ಕೆ ಹೋಗುತ್ತವೆ, ಅವಳ ಪದವಿ ವರ್ಷಗಟ್ಟಲೆ ಹಿಂದೆ ಬೀಳುತ್ತದೆ, ಅದು ಗೊತ್ತಿದೆಯೇ ಎಂದು ದೊಡ್ಡ ಮೇಡಂ ಕೇಳಿದರು. ಗೊತ್ತಿದೆ ಎಂದಳು. ಅವರು, ಅವನ ಕುರ್ಚಿ ಖಾಲಿಯೇ ಇದೆ ಎಂದು ನೀನೇ ಹೋಗಿ ತಿಳಿಸು ಎಂದರು.

ಅವನು ಈಗ ಇದ್ದದ್ದು ಊರ ಇನ್ನೊಂದು ತುದಿಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಯಾರದೋ ಸಣ್ಣ ಕ್ಲಿನಿಕ್ಕಿನಲ್ಲಿ. ಅಲ್ಲಿ ವಸಡಿನ ಮಾತಿಲ್ಲ. ಬಂದವರ ಹಲ್ಲು ಕೀಳುವುದೇ ಕೆಲಸ. ಅವಳು ಹೋದಾಗ ಸಂಜೆಯ ಕೊನೆಯ ರೋಗಿ ಕೆನ್ನೆ ಹಿಡಿದು ಇಳಿದು ಹೋಗುತ್ತಿದ್ದ.

ಅವನು ಕೈ ತೊಳೆಯುತ್ತಿದ್ದ. ತಿರುಗಿ ನೋಡಿದ. ಬಾ ಅನ್ನಲಿಲ್ಲ.

ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಅಜ್ಜಿ, ನಲ್ಲಿ, ಕೆಂಪು ನೊರೆ, ಉದ್ದದ ಮೇಜು. ಎಲ್ಲೂ ಅಳಲಿಲ್ಲ, ಅಳುವ ಹಕ್ಕು ತನಗಿಲ್ಲ ಎಂದು ದಾರಿಯಲ್ಲೇ ತೀರ್ಮಾನಿಸಿಕೊಂಡು ಬಂದಿದ್ದಳು. ಡ್ರೈವರ್ ಹೇಳಿದ ಮಾತಿಗೆ ಬಂದಾಗ ಮಾತ್ರ ಅವನು ನಲ್ಲಿ ನಿಲ್ಲಿಸಿ, ಗೋಡೆಯ ಕಡೆ ಮುಖ ಮಾಡಿದ.

"ನಿನ್ನ ಓದು?" ಎಂದ ಕೊನೆಗೆ.

"ಮತ್ತೆ ಮೊದಲಿಂದ ಮಾಡ್ತೀನಿ. ನಿಮ್ಮ ಕುರ್ಚಿ ಖಾಲಿ ಇದೆ. ದೊಡ್ಡ ಮೇಡಂ ಹೇಳಿ ಕಳಿಸಿದಾರೆ."

"ಆ ಕೋಣೆಗೆ ಕಾಲಿಡೋಕೆ ನನಗೆ ಸ್ವಲ್ಪ ದಿನ ಬೇಕು."

"ಆಗಲಿ."

"ನಿನ್ನ ಮೇಲೆ ಸಿಟ್ಟು ಹೋಗಿದೆ ಅಂತ ಹೇಳಿದ್ರೆ ಸುಳ್ಳಾಗತ್ತೆ." ಅವನು ಟವೆಲ್ಲನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ಹೋಗು ಅನ್ನೋಣ ಅಂದ್ರೆ... ಅದೂ ಬಾಯಿಗೆ ಬರ್ತಿಲ್ಲ."

ಕೆಳಗೆ ಅಂಗಡಿಯವನು ಶಟರ್ ಎಳೆಯುವ ಸದ್ದು ಕೇಳಿಸಿತು. ರೋಗಿಗಳು ಕಾಯುವ ಬೆಂಚಿನ ಮೇಲೆ ಅವಳು ಕೂತಳು. ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

"ಆ ಎರಡನೇ ಸುತ್ತಲ್ಲಿ ಏನಾಯ್ತು, ಹೇಳಿ."

"ಈಗ ಗೊತ್ತಲ್ಲ ನಿನಗೆ."

"ಅಜ್ಜಿ ಹೇಳಿದ್ದು ಗೊತ್ತು. ನೀವು ಹೇಳಿದ್ದು ನಾನು ಕೇಳಿಲ್ಲ."

ಅವನು ಅವಳನ್ನೇ ನೋಡಿದ. ಆಮೇಲೆ ಸ್ಟೂಲ್ ಎಳೆದುಕೊಂಡು ಬೆಂಚಿನ ಎದುರಿಗೆ ಕೂತ.

"ಮೊದಲು ಬಂದಿದ್ದು ಅಜ್ಜಿ," ಎಂದು ಶುರು ಮಾಡಿದ. "ನಗ್ತಾ ಬಂದ್ರು. ನಾನು ಕನ್ನಡಿ ಮಾತ್ರ ತಗೊಂಡೆ..."

ಒಬ್ಬೊಬ್ಬರಾಗಿ ಎಲ್ಲರನ್ನೂ ಹೇಳುತ್ತಾ ಹೋದ. ನಡುವೆ ಅವನು ಮಾತು ನಿಲ್ಲಿಸಿದಾಗ ಅವಳು ಕಾದಳು. ಕೊನೆಯವರೆಗೂ ಕೇಳಿದಳು.